ಬಸ್ಸಿನ ಕಿಟಕಿಯಲ್ಲಿ ಮಳೆ ಓರೆಯಾಗುತ್ತದೆ. ಬೆಳಕಿನ ಜವ ಮಾತ್ರ ಏಕೆ ಬದಲಾಗುವುದಿಲ್ಲ?

ಪ್ರಶ್ನೆ: ದ್ವಿತೀಯ ಪಿಯು ವಿದ್ಯಾರ್ಥಿನಿ, ವಿರಾಜಪೇಟೆ

ಎಲ್ಲರಿಗೂ ನಮಸ್ಕಾರ. ಚಲನೆ ನೋಡುವವರನ್ನು ಅವಲಂಬಿಸುತ್ತದೆ ಎನ್ನುವ ಸಾಪೇಕ್ಷತೆಯ ಬಗ್ಗೆ ಬರೆದವರೆಲ್ಲ ರೈಲಿನ ಉದಾಹರಣೆಯನ್ನೇ ಕೊಡುತ್ತಾರೆ. ನಮ್ಮ ಜಿಲ್ಲೆಯಲ್ಲಿ ರೈಲುಮಾರ್ಗವೇ ಇಲ್ಲವಾದ್ದರಿಂದ ನಾನು ಅದನ್ನು ಮೂರ್ನಾಡಿನ ಮೇಲೆ ಮಡಿಕೇರಿಗೆ ಹೋಗುವ ಬಸ್ಸಿಗೆ ಹೊಂದಿಸಿಕೊಂಡು ಯೋಚಿಸುತ್ತೇನೆ. ಗಾಳಿಯಿಲ್ಲದ ಹೊತ್ತಿನಲ್ಲಿ ಮಳೆ ನೆಟ್ಟಗೆ ಸುರಿಯುತ್ತಿದ್ದರೂ ಓಡುವ ಬಸ್ಸಿನ ಕಿಟಕಿಯಿಂದ ನೋಡಿದರೆ ಹನಿಗಳು ಹಿಂದಕ್ಕೆ ಓರೆಯಾಗಿ ಬೀಳುತ್ತವೆ. ಇಷ್ಟು ಅರ್ಥವಾಗುತ್ತದೆ.

ನನ್ನ ತೊಡಕು ಬೇರೆಡೆ ಇದೆ. ಬಸ್ಸು ನಿಂತಿದೆ, ಕಾಫಿ ತೋಟವೇ ಹಿಂದಕ್ಕೆ ಓಡುತ್ತಿದೆ ಎನ್ನುವುದೂ ಅಷ್ಟೇ ಸರಿಯಾಗಿದ್ದರೆ, ತಿರುವಿನಲ್ಲಿ ನಾನು ಮಾತ್ರ ಪಕ್ಕದವರ ಮೇಲೆ ವಾಲುವುದೇಕೆ, ರಸ್ತೆಬದಿಯ ಸಿಲ್ವರ್ ಮರಕ್ಕೆ ಏನೂ ಆಗದಿರುವುದೇಕೆ? ಹಾಗೆಯೇ, ಬಸ್ಸಿನಲ್ಲಿ ಕುಳಿತವಳಿಗೆ ಮಳೆಹನಿಯ ವೇಗ ಬದಲಾಗುವುದಾದರೆ ಬೆಳಕಿನ ಜವ ಏಕೆ ಬದಲಾಗಬಾರದು?

ಉತ್ತರ: ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಮಡಿಕೇರಿ

ಉಲ್ಲೇಖ ಚೌಕಟ್ಟು ಎಂದರೆ ದೂರವನ್ನು ಯಾವುದರಿಂದ ಅಳೆಯುತ್ತೇವೆ, ಹೊತ್ತನ್ನು ಯಾವ ಗಡಿಯಾರದಲ್ಲಿ ನೋಡುತ್ತೇವೆ ಎಂಬ ಏರ್ಪಾಡು. ಬಸ್ಸಿನ ಸೀಟು ಒಂದು ಚೌಕಟ್ಟು, ಸಿಲ್ವರ್ ಮರ ಇನ್ನೊಂದು. ಆದರೆ 1905ರಲ್ಲಿ ಐನ್‌ಸ್ಟೈನ್ ಮಂಡಿಸಿದ ವಿಶೇಷ ಸಾಪೇಕ್ಷತೆಯು ಎಲ್ಲ ಚೌಕಟ್ಟುಗಳೂ ಸಮಾನವೆಂದು ಹೇಳುವುದಿಲ್ಲ. ಜವವನ್ನೂ ದಿಕ್ಕನ್ನೂ ಬದಲಿಸದೆ ಸಾಗುವ ಜಡತ್ವದ ಚೌಕಟ್ಟುಗಳು ಮಾತ್ರ ಸಮಾನ ಎನ್ನುತ್ತದೆ. ಹಡಗಿನ ಮುಚ್ಚಿದ ಕೋಣೆಯೊಳಗೆ ತೊಟ್ಟಿಕ್ಕುವ ನೀರನ್ನೂ ಹಾರುವ ಚಿಟ್ಟೆಯನ್ನೂ ಎಷ್ಟು ನೋಡಿದರೂ ಹಡಗು ನಿಂತಿದೆಯೋ ಸಾಗುತ್ತಿದೆಯೋ ತಿಳಿಯದು ಎಂದು 1632ರಲ್ಲಿ ಗೆಲಿಲಿಯೊ ವಾದಿಸಿದ್ದೂ ಹಡಗು ಓಲಾಡದೆ ಒಂದೇ ಸಮನೆ ಸಾಗುತ್ತಿರಬೇಕೆಂಬ ಷರತ್ತಿನ ಮೇಲೆಯೇ.

ತಿರುವಿನಲ್ಲಿ ಬಸ್ಸಿನ ದಿಕ್ಕು ಬದಲಾಗುತ್ತದೆ, ಅಂದರೆ ಅದಕ್ಕೆ ವೇಗೋತ್ಕರ್ಷವಿದೆ. ಆಗ ನಿಮ್ಮನ್ನು ಯಾರೂ ಹೊರಕ್ಕೆ ತಳ್ಳುವುದಿಲ್ಲ. ನಿಮ್ಮ ದೇಹ ನೇರವಾಗಿ ಸಾಗಬಯಸುವಾಗ ಬಸ್ಸು ಪಕ್ಕಕ್ಕೆ ಹೊರಳುತ್ತದೆ, ಅಷ್ಟೆ. ನಿಮ್ಮ ಕೈಯಲ್ಲಿ ತೂಗುವ ಬೀಗದ ಕೈಗೊಂಚಲು ಓರೆಯಾಗುತ್ತದೆ, ಮರದ ಕೊಂಬೆಗೆ ಕಟ್ಟಿದ ಗೊಂಚಲು ನೆಟ್ಟಗೇ ಇರುತ್ತದೆ. ಇದನ್ನು ಬಸ್ಸಿನವರೂ ರಸ್ತೆಯವರೂ ಒಪ್ಪಲೇಬೇಕು. ವೇಗ ಸಾಪೇಕ್ಷ; ಯಾರಿಗೆ ವೇಗೋತ್ಕರ್ಷವಾಯಿತು ಎಂಬುದನ್ನು ಗೊಂಚಲೇ ಹೇಳಿಬಿಡುತ್ತದೆ.

ಉತ್ತರ: ಕಾಫಿ ಬೆಳೆಗಾರ, ಸೋಮವಾರಪೇಟೆ

ಗುರುಗಳ ಮಾತಿಗೆ ಒಂದು ಸೇರ್ಪಡೆ ಬೇಕೆನಿಸುತ್ತದೆ. ಆ ಮರವೂ ನಿಜವಾದ ಜಡತ್ವದ ಚೌಕಟ್ಟಿನಲ್ಲಿಲ್ಲ, ಏಕೆಂದರೆ ಅದು ಭೂಮಿಯ ಜೊತೆ ತಿರುಗುತ್ತಿದೆ. 1851ರಲ್ಲಿ ಫೂಕೋ ಪ್ಯಾರಿಸ್ಸಿನಲ್ಲಿ ಉದ್ದನೆಯ ಲೋಲಕವನ್ನು ತೂಗಿಬಿಟ್ಟು, ಅದರ ತೂಗಾಟದ ದಿಕ್ಕು ಮೆಲ್ಲಗೆ ತಿರುಗುವುದನ್ನು ಜನರ ಕಣ್ಣಿಗೇ ತೋರಿಸಿದರು. ನಮ್ಮ ಕೊಡಗು ಸುಮಾರು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಇಲ್ಲಿ ಅಂಥ ಲೋಲಕ ಗಂಟೆಗೆ ಸುಮಾರು 3.2 ಡಿಗ್ರಿ ತಿರುಗಿ, ಒಂದು ಸುತ್ತು ಮುಗಿಸಲು ಹತ್ತಿರ ಹತ್ತಿರ 111 ಗಂಟೆ ತೆಗೆದುಕೊಳ್ಳುತ್ತದೆ. ಬಸ್ಸಿನ ತಿರುವಿನ ಮುಂದೆ ಇದು ತೀರಾ ಚಿಕ್ಕದಾದ್ದರಿಂದ ಮರವನ್ನು ಜಡತ್ವದ ಚೌಕಟ್ಟೆಂದು ಎಣಿಸಿದರೆ ತಪ್ಪಾಗದು. ಅದು ಅನುಕೂಲಕ್ಕಾಗಿ ಮಾಡಿಕೊಂಡ ಎಣಿಕೆ ಎಂಬುದು ನೆನಪಿರಬೇಕು.

ಉತ್ತರ: ಭೌತಶಾಸ್ತ್ರ ಸಂಶೋಧನಾ ವಿದ್ಯಾರ್ಥಿ, ಪೊನ್ನಂಪೇಟೆ

ಎರಡನೆಯ ತೊಡಕಿಗೆ ನಿಮ್ಮ ಮಳೆಯೇ ಒಳ್ಳೆಯ ದಾರಿ. ದಪ್ಪ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ಬೀಳುತ್ತದೆ. ಬಸ್ಸು ಗಂಟೆಗೆ 36 ಕಿಲೋಮೀಟರಿನಲ್ಲಿ, ಅಂದರೆ ಸೆಕೆಂಡಿಗೆ 10 ಮೀಟರ್ ಸಾಗಿದರೆ ಹನಿ 45 ಡಿಗ್ರಿಗಿಂತಲೂ ತುಸು ಹೆಚ್ಚು ಓರೆಯಾಗುತ್ತದೆ, ಜೊತೆಗೆ ಅದರ ಜವವೂ ಹೆಚ್ಚುತ್ತದೆ. ನಕ್ಷತ್ರದ ಬೆಳಕಿಗೂ ಇಂಥದ್ದೇ ಆಗುತ್ತದೆ: ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ಓಡುವುದರಿಂದ ನಕ್ಷತ್ರ ತನ್ನ ಜಾಗದಿಂದ ಸುಮಾರು 20 ಆರ್ಕ್‌ಸೆಕೆಂಡಿನಷ್ಟು (ಒಂದು ಡಿಗ್ರಿಯ 3,600 ಪಾಲಿನಲ್ಲಿ ಒಂದು ಪಾಲೇ ಒಂದು ಆರ್ಕ್‌ಸೆಕೆಂಡ್) ಸರಿದಂತೆ ಕಾಣುವುದನ್ನು ಖಗೋಳಜ್ಞ ಬ್ರಾಡ್ಲಿ 1720ರ ದಶಕದಲ್ಲಿ ಗುರುತಿಸಿದರು. ಬೆಳಕಿನ ದಿಕ್ಕು ಮಳೆಯಂತೆಯೇ ಓರೆಯಾಯಿತು, ಆದರೆ ಜವ ಬದಲಾಗಲಿಲ್ಲ. ಭೂಮಿಯ ಓಟದಿಂದ ಬೆಳಕಿನ ಜವದಲ್ಲಿ ಆಗಬೇಕಿದ್ದ ವ್ಯತ್ಯಾಸವನ್ನು ಮೈಕೆಲ್ಸನ್ ಮತ್ತು ಮಾರ್ಲಿ 1887ರಲ್ಲಿ ಹುಡುಕಿದರು, ಸಿಗಲಿಲ್ಲ.

ಏಕೆಂದರೆ, ಎರಡು ವೇಗಗಳನ್ನು ನೇರವಾಗಿ ಕೂಡಿಸುವಾಗ ಬಸ್ಸಿನ ಸೆಕೆಂಡೂ ರಸ್ತೆಯ ಸೆಕೆಂಡೂ ಒಂದೇ ಎಂದು ನಾವು ಕೇಳದೆಯೇ ನಂಬಿರುತ್ತೇವೆ. ಆ ನಂಬಿಕೆ ನಿಜವಲ್ಲ. ಬೆಳಕಿನ ಅರ್ಧ ಜವದಲ್ಲಿ ಸಾಗುವ ವಾಹನದಿಂದ ಮುಂದಕ್ಕೆ ಮತ್ತೆ ಅರ್ಧ ಜವದಲ್ಲಿ ಕಲ್ಲೆಸೆದರೆ, ರಸ್ತೆಯವರ ಅಳತೆಯಲ್ಲಿ ಕಲ್ಲಿನ ಜವ ಬೆಳಕಿನ ಶೇಕಡ 80 ಆಗುತ್ತದೆಯೇ ಹೊರತು ನೂರಲ್ಲ. ಕಲ್ಲಿನ ಬದಲು ಬೆಳಕನ್ನೇ ಹಾಯಿಸಿದರೆ ಇಬ್ಬರಿಗೂ ಸಿಗುವುದು ಸೆಕೆಂಡಿಗೆ 2,99,792 ಕಿಲೋಮೀಟರೇ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದಗಳು. ಸೆಕೆಂಡುಗಳು ಬೇರೆ ಬೇರೆ ಎಂಬುದನ್ನು ಯಾರಾದರೂ ನಿಜವಾಗಿ ಅಳೆದು ನೋಡಿದ್ದಾರೆಯೇ, ಅಣ್ಣ?

ಉತ್ತರ: ಭೌತಶಾಸ್ತ್ರ ಸಂಶೋಧನಾ ವಿದ್ಯಾರ್ಥಿ, ಪೊನ್ನಂಪೇಟೆ

ಅಳೆದಿದ್ದಾರೆ, ಅದೂ ಬೆಟ್ಟದ ಮೇಲೆ. ವಾತಾವರಣದ ಮೇಲ್ಭಾಗದಲ್ಲಿ ಹುಟ್ಟುವ ಮ್ಯುವಾನ್ ಎಂಬ ಕಣಗಳ ಸರಾಸರಿ ಆಯಸ್ಸು ಒಂದು ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ 2.2 ಪಾಲು ಮಾತ್ರ. ಅಮೆರಿಕದ ಮೌಂಟ್ ವಾಷಿಂಗ್ಟನ್ ಶಿಖರದಲ್ಲಿ, ಸುಮಾರು 1,900 ಮೀಟರ್ ಎತ್ತರದಲ್ಲಿ, ಫ್ರಿಶ್ ಮತ್ತು ಸ್ಮಿತ್ ಗಂಟೆಗೆ ಸುಮಾರು 560 ಮ್ಯುವಾನ್‌ಗಳನ್ನು ಎಣಿಸಿದರು. ಆ ಕಣಗಳ ಗಡಿಯಾರವೂ ನಮ್ಮದರಂತೆಯೇ ನಡೆದಿದ್ದರೆ ಸಮುದ್ರಮಟ್ಟದಲ್ಲಿ 30ಕ್ಕಿಂತ ಕಡಿಮೆ ಉಳಿಯಬೇಕಿತ್ತು. ಸಿಕ್ಕಿದ್ದು 400ಕ್ಕೂ ಹೆಚ್ಚು. ಅವರ ವರದಿ 1963ರಲ್ಲಿ ಪ್ರಕಟವಾಯಿತು.

ಇದನ್ನೇ ಮ್ಯುವಾನಿನ ಚೌಕಟ್ಟಿನಿಂದ ನೋಡಿ. ಅದರ ಗಡಿಯಾರ ಅದಕ್ಕೆ ಸರಿಯಾಗಿಯೇ ನಡೆಯುತ್ತಿರುತ್ತದೆ, ಕುಗ್ಗುವುದು ಬೆಟ್ಟ. ಬೆಳಕಿನ ಶೇಕಡ 99.5 ಜವದಲ್ಲಿ ಇಳಿಯುವ ಮ್ಯುವಾನಿಗೆ, 1,748 ಮೀಟರ್ ಎತ್ತರದ ನಮ್ಮ ತಡಿಯಂಡಮೋಳ್ ಸುಮಾರು 175 ಮೀಟರ್ ಮಾತ್ರ. ನಾವು ಹೊತ್ತು ಹಿಗ್ಗಿತು ಎನ್ನುತ್ತೇವೆ, ಅದು ದೂರ ಕುಗ್ಗಿತು ಎನ್ನುತ್ತದೆ. ಕೆಳಗೆ ತಲುಪಿದ ಕಣಗಳ ಲೆಕ್ಕ ಮಾತ್ರ ಇಬ್ಬರಿಗೂ ಒಂದೇ.