ಪದಚರ್ಚೆ: ಕಚೇರಿ ಗ್ರೂಪಿನ ‘ಸಮೂಹಮಾಧ್ಯಮ’, ‘ಅನುವಾದ’, ‘ಅವಧಿ’ ಕನ್ನಡವೋ ಮಲಯಾಳವೋ?

ಪ್ರಶ್ನೆ (ಬದಿಯಡ್ಕದಿಂದ)

ಎಲ್ಲರಿಗೂ ನಮಸ್ಕಾರ. ಇಲ್ಲಿ, ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಒಂದು ಸಂಸ್ಥೆಯ ನೌಕರರಿಗೆ ಹಂಚಲಿಕ್ಕಿರುವ ಸೂಚನಾಪತ್ರದ ಕನ್ನಡ ಕರಡು ತಿದ್ದಲು ಬಂದಿದೆ. ವಾಟ್ಸ್‌ಆ್ಯಪ್, ಫೇಸ್‌ಬುಕ್‌ಗಳಲ್ಲಿ ಕೆಲಸದ ವಿಷಯ ಹಾಕುವುದು ಹೇಗೆ, ಬೇರೆ ಬೇರೆ ಭಾಷೆ-ಮತಗಳ ಸಹೋದ್ಯೋಗಿಗಳ ನಡುವೆ ನಡೆದುಕೊಳ್ಳುವುದು ಹೇಗೆ ಎಂಬುದು ವಿಷಯ. ಮೂಲ ಮಲಯಾಳದ್ದು. ಓದುವವರಲ್ಲಿ ಮೂರು ಬಗೆ: ಮಲಯಾಳ ಮಾತಾಡಬಲ್ಲ, ಆದರೆ ಲಿಪಿ ಓದಲಾರದ ಇಲ್ಲಿನ ಕನ್ನಡ ಮಾಧ್ಯಮದವರು, ಗಡಿಯ ತಲಪಾಡಿ ದಾಟಿ ಕರ್ನಾಟಕದಿಂದ ದಿನಾ ಬಂದು ಹೋಗುವವರು, ಘಟ್ಟದ ಮೇಲಿನಿಂದ ವರ್ಗವಾಗಿ ಬಂದವರು. ಸಂಶಯ ಬಂದ ವಾಕ್ಯಗಳು ಇವು:

‘ಸಮೂಹಮಾಧ್ಯಮಗಳಲ್ಲಿ ಸ್ಥಾಪನದ ಬಗ್ಗೆ ಬರೆಯುವಾಗ ಮೇಲುದ್ಯೋಗಸ್ಥರ ಅನುವಾದ ಇರಬೇಕು.’

‘ಅವಧಿಗಿರುವ ಅಪೇಕ್ಷೆಗಳನ್ನು ಗ್ರೂಪಿನಲ್ಲಿ ಹಾಕಬಾರದು.’

‘ಸಾಂಸ್ಕೃತಿಕ ವೈವಿಧ್ಯತೆಯನ್ನು ಎಲ್ಲ ಅಂಗಗಳೂ ಗೌರವಿಸಬೇಕು. ಎಲ್ಲರಿಗೂ ಸಮಾನ ಅವಸರ ಇರುತ್ತದೆ.’

ಇವುಗಳಲ್ಲಿ ಕನ್ನಡ ಎಷ್ಟು? ‘ಸಮೂಹಮಾಧ್ಯಮ’ ಇರಲಿಯೇ, ‘ಸಾಮಾಜಿಕ ಜಾಲತಾಣ’ ಮಾಡಲೇ? ‘ವೈವಿಧ್ಯ’ವೋ ‘ವೈವಿಧ್ಯತೆ’ಯೋ?

ಉತ್ತರ (ಮಂಜೇಶ್ವರದಿಂದ)

ಕೊನೆಯ ವಾಕ್ಯದಿಂದಲೇ ಶುರು ಮಾಡುತ್ತೇನೆ. ಕನ್ನಡ ಮಾತ್ರ ಗೊತ್ತಿರುವವರು ಅದನ್ನು ಓದಿದರೆ ಕೈಕಾಲುಗಳೆಲ್ಲ ಗೌರವಿಸಬೇಕು, ಎಲ್ಲರಿಗೂ ಒಂದೇ ರೀತಿಯ ಗಡಿಬಿಡಿ ಇರುತ್ತದೆ ಎಂದಾಗುತ್ತದೆ! ಮಲಯಾಳದ ‘ಅಂಗಂ’ ಎಂದರೆ ಸದಸ್ಯ, ‘ಅವಸರಂ’ ಎಂದರೆ ಅವಕಾಶ. ಇಂಥ ತಪ್ಪು ನಗು ತರಿಸುತ್ತದೆ, ಹಾಗಾಗಿ ಯಾರಾದರೂ ಹಿಡಿದುಬಿಡುತ್ತಾರೆ. ಹೆದರಬೇಕಾದದ್ದು ನಗು ತರಿಸದ ತಪ್ಪಿಗೆ. ನಿಮ್ಮ ಮೊದಲ ವಾಕ್ಯ ಆ ಜಾತಿಯದು.

‘ಸಮೂಹಮಾಧ್ಯಮ’ ಕನ್ನಡದಲ್ಲೂ ಇರುವ ಪದವೇ. ಆದರೆ ನಮ್ಮಲ್ಲಿ ಸಮೂಹ ಮಾಧ್ಯಮವೆಂದರೆ ಪತ್ರಿಕೆ, ಆಕಾಶವಾಣಿ, ದೂರದರ್ಶನ. ಪತ್ರಿಕೋದ್ಯಮದ ಪಾಠದಲ್ಲಿ ‘ಸಮೂಹ ಸಂವಹನ’ ಎನ್ನುವುದೂ ಇದೇ ಅರ್ಥದಲ್ಲಿ. ಮಲಯಾಳ ಪತ್ರಿಕೆಗಳು ‘ಸಮೂಹಮಾಧ್ಯಮಂ’ ಎಂದು ದಿನಾ ಬರೆಯುವುದು ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಕುರಿತು. ಅಲ್ಲಿ ‘ಸಮೂಹಂ’ ಎಂದರೆ ಸಮಾಜ, ಇಲ್ಲಿ ‘ಸಮೂಹ’ ಎಂದರೆ ಗುಂಪು, ಜನಸ್ತೋಮ. ಈಗ ಆ ನಿಯಮವನ್ನು ಕನ್ನಡವಾಗಿ ಓದಿ. ಪತ್ರಿಕೆಯ ವಾಚಕರ ವಾಣಿಗೆ ಬರೆಯಲು ಅಡ್ಡಿ, ಫೇಸ್‌ಬುಕ್‌ಗೆ ಬರೆಯಲು ಇಲ್ಲ! ನಾಳೆ ಯಾರ ಮೇಲಾದರೂ ಶಿಸ್ತುಕ್ರಮದ ನೋಟೀಸು ಹೊರಟರೆ, ‘ನಾನು ಯಾವ ಪತ್ರಿಕೆಗೂ ಬರೆದಿಲ್ಲ’ ಎಂಬ ಉತ್ತರಕ್ಕೆ ಕನ್ನಡ ಪ್ರತಿಯೇ ಆಧಾರ ಒದಗಿಸುತ್ತದೆ.

‘ಸಾಮಾಜಿಕ ಜಾಲತಾಣ’ ನಮ್ಮ ಪತ್ರಿಕೆಗಳಲ್ಲಿ ಬೇರೂರಿದ ಪದ, ಸುದ್ದಿಗೆ ಸಾಕು. ನಿಯಮಕ್ಕೆ ಸಾಲದು. ‘ಜಾಲತಾಣ’ ಎಂದರೆ ವೆಬ್‌ಸೈಟ್. ವಾಟ್ಸ್‌ಆ್ಯಪ್ ಗ್ರೂಪ್ ತಾಣವೇ ಅಲ್ಲವೆಂದು ವಾದಿಸುವವರು ಇದ್ದೇ ಇರುತ್ತಾರೆ. ‘ಸಾಮಾಜಿಕ ಮಾಧ್ಯಮ’ ಎಂದು ಹಾಕಿ, ಮೊದಲ ಸಲ ಬಂದಾಗ ‘ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಮೊದಲಾದವು, ವಾಟ್ಸ್‌ಆ್ಯಪ್, ಟೆಲಿಗ್ರಾಂ ಗ್ರೂಪುಗಳು ಮತ್ತು ಸ್ಟೇಟಸ್ ಕೂಡ’ ಎಂದು ಬಿಡಿಸಿ ಬರೆಯಿರಿ. ಸ್ಟೇಟಸನ್ನು ಮರೆಯಬೇಡಿ. ಗ್ರೂಪಿನಲ್ಲಿ ಹಾಕಬಾರದ ಫೋಟೋ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಲ್ಲಿಯೇ.

ಇನ್ನು ‘ಅನುವಾದ’. ಸಂಸ್ಕೃತದಲ್ಲಿ ಇದಕ್ಕೆ ಹೇಳಿದ್ದನ್ನೇ ಮತ್ತೆ ಹೇಳುವುದು ಎಂಬರ್ಥ. ಕನ್ನಡ ಅದನ್ನು ಭಾಷಾಂತರಕ್ಕೆ ಇಟ್ಟುಕೊಂಡಿತು, ಮಲಯಾಳದಲ್ಲಿ ‘ಅನುವಾದಂ’ ಎಂದರೆ ಒಪ್ಪಿಗೆ, ಅನುಮತಿ. ಭಾಷಾಂತರಕ್ಕೆ ಅವರು ‘ವಿವರ್ತನಂ’, ‘ಪರಿಭಾಷ’ ಎನ್ನುತ್ತಾರೆ. ನಮ್ಮ ‘ಪರಿಭಾಷೆ’ ಶಾಸ್ತ್ರದ ಪದಕೋಶ, ಅಲ್ಲೊಂದು ಇನ್ನೊಂದು ಗುಂಡಿ. ‘ಮೇಲುದ್ಯೋಗಸ್ಥರ ಅನುವಾದ ಇರಬೇಕು’ ಎಂದು ಓದಿದವರು ತಮ್ಮ ಪೋಸ್ಟನ್ನು ಎರಡು ಭಾಷೆಯಲ್ಲಿ ಹಾಕಿ, ನಿಯಮ ಪಾಲಿಸಿದೆ ಎಂದುಕೊಂಡರೆ ಅವರದ್ದು ತಪ್ಪೇ? ‘ಮೇಲಧಿಕಾರಿಯ ಲಿಖಿತ ಅನುಮತಿ ಬೇಕು’ ಎನ್ನಿ. ಮೂಲದಲ್ಲಿ ‘ಲಿಖಿತ’ ಉಂಟೋ ಇಲ್ಲವೋ ಒಮ್ಮೆ ನೋಡಿಕೊಳ್ಳಿ. ‘ಉದ್ಯೋಗಸ್ಥ’ ನಮ್ಮಲ್ಲಿ ಕೆಲಸದಲ್ಲಿರುವ ಯಾರಾದರೂ ಆಗಬಹುದು, ಮಲಯಾಳದಲ್ಲಿ ಅಧಿಕಾರಿ. ‘ಸ್ಥಾಪನ’ ಇಲ್ಲಿ ಸಂಸ್ಥೆ, ಸ್ಥಾಪನೆ ಅಲ್ಲ.

ಉತ್ತರ (ಮುಳ್ಳೇರಿಯದಿಂದ)

ಮಂಜೇಶ್ವರದವರ ಮಾತಿಗೆ ಅರ್ಧ ಒಪ್ಪಿಗೆ. ‘ಅಪೇಕ್ಷೆ’ಯನ್ನು ಅರ್ಜಿ ಎಂಬ ಅರ್ಥದಲ್ಲಿ ಕಾಸರಗೋಡಿನ ಕನ್ನಡಿಗರು ನಿತ್ಯ ಆಡುತ್ತಾರೆ. ‘ಪಂಚಾಯತಿಗೆ ಅಪೇಕ್ಷೆ ಕೊಟ್ಟಾಗಿದೆ’ ಎಂದರೆ ಇಲ್ಲಿ ಯಾರೂ ಆಸೆ ಎಂದು ತಿಳಿಯುವುದಿಲ್ಲ. ‘ಅರ್ಜಿ’ ಅರಬಿ ಮೂಲದಿಂದ ಆಡಳಿತದ ದಾರಿಯಲ್ಲಿ ಬಂದು ಕನ್ನಡವೇ ಆಯಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ಆಡಳಿತದ ದಾರಿ ಬೇರೆಯಾಯಿತು, ಅದರಲ್ಲಿ ‘ಅಪೇಕ್ಷೆ’ ಬಂತು. ಇದನ್ನು ತಪ್ಪು ಎನ್ನುವುದು ಬೆಂಗಳೂರಿನ ಕಿವಿಯಿಂದ ಕೇಳಿದ ಹಾಗೆ. ಮಳೆಗಾಲದಲ್ಲಿ ‘ನಾಳೆ ಶಾಲೆಗೆ ಅವಧಿ’ (ಅಂದರೆ ರಜೆ) ಎಂಬ ಸಂದೇಶ ಬಂದಾಗ ನಮ್ಮ ಮಕ್ಕಳು ಅರ್ಥ ಕೇಳಿಕೊಂಡು ಕೂರುತ್ತಾರೆಯೇ ಮಾರಾಯ್ರೇ?

ಮರು ಉತ್ತರ (ಮಂಜೇಶ್ವರದಿಂದ)

ಆಡುಮಾತಿಗೆ ನಿಮ್ಮ ಮಾತು ಸರಿ, ತಕರಾರಿಲ್ಲ. ಆದರೆ ಬದಿಯಡ್ಕದವರು ಹೇಳಿದ ಮೂರು ಬಗೆಯ ಓದುಗರಲ್ಲಿ ‘ಅವಧಿ’ಯನ್ನು ರಜೆ ಎಂದು ಓದಬಲ್ಲವರು ಒಂದು ಬಗೆ ಮಾತ್ರ. ಪುತ್ತೂರು, ಸುಳ್ಯದವರಿಗೆ ಅವಧಿ ಎಂದರೆ ಕಾಲಮಿತಿ, ಶಾಲೆಯಲ್ಲಾದರೆ ಪೀರಿಯಡ್ಡು. ‘ಅವಧಿ ಮುಗಿದಿದೆ’ ಎಂಬ ಎರಡೇ ಪದ ನೋಡಿ: ಒಬ್ಬರು ರಜೆ ಮುಗಿಸಿ ಕೆಲಸಕ್ಕೆ ಬರುತ್ತಾರೆ, ಇನ್ನೊಬ್ಬರು ಗಡುವು ದಾಟಿತೆಂದು ಕೈಬಿಡುತ್ತಾರೆ. ಪತ್ರದಲ್ಲಿ ‘ರಜೆ ಅರ್ಜಿ’ ಎಂದಿದ್ದರೆ ಮೂರೂ ಬಗೆಯವರಿಗೆ ತಿಳಿಯುತ್ತದೆ. ನಮ್ಮ ಊರಿನ ಪದ ಬಿಡಬೇಕೆಂದಲ್ಲ, ದಂಡ ಹಾಕುವ ಕಾಗದದಲ್ಲಿ ಅದನ್ನು ಪರೀಕ್ಷೆಗೆ ಇಡಬೇಡಿ.

ಹಾಗೆಯೇ ‘ಯೋಗ’. ಮಲಯಾಳದ ಯೋಗಂ ಎಂದರೆ ಸಭೆ. ‘ನಾಳೆ 10 ಗಂಟೆಗೆ ಯೋಗ’ ಎಂದರೆ ಹೊಸಬರು ಚಾಪೆ ಹುಡುಕಬೇಕಾದೀತು. ಜೂನ್ 21ರ ಆಸುಪಾಸಿನಲ್ಲಂತೂ ಗೊಂದಲ ನಿಜವಾಗಿಯೂ ಆಗುವಂಥದ್ದು, ಆವತ್ತು ಕಚೇರಿಗಳಲ್ಲಿ ಎರಡೂ ಇರಬಹುದು. ‘ಮೀಟಿಂಗ್’ ಎಂದು ಬರೆದರೆ ಕಾಸರಗೋಡಿನ ಏಳು ಭಾಷೆಯವರಿಗೂ ಒಂದೇ ಅರ್ಥ. ಸಪ್ತಭಾಷಾ ಸಂಗಮಭೂಮಿಯ ಎಂಟನೆಯ ಭಾಷೆಯಾದ ಇಂಗ್ಲಿಷಿಗೆ ಅಷ್ಟು ಉಪಕಾರ ಸಲ್ಲಲಿ. ‘ಕೆಲಸದ ಹೊತ್ತಿಗೆ ಸಂಸಾರ ಬೇಡ’ ಎಂಬ ಹಳೆಯ ಗಡಿಜೋಕನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಮಲಯಾಳದಲ್ಲಿ ‘ಸಂಸಾರಂ’ ಎಂದರೆ ಬರಿಯ ಮಾತುಕತೆ.

ಉತ್ತರ (ಉಪ್ಪಳದಿಂದ)

ಇಂಥ ಕರಡು ಹೇಗೆ ಹುಟ್ಟುತ್ತದೆ ಎಂಬುದನ್ನೂ ನೋಡಬೇಕು. ದಾರಿ ಎರಡು, ಪ್ರತಿಯೊಂದೂ ತನ್ನದೇ ಗುರುತು ಬಿಟ್ಟುಹೋಗುತ್ತದೆ.

ಒಂದು, ಲಿಪಿ ಬದಲಿಸುವ ಉಪಕರಣ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಕನ್ನಡ, ಮಲಯಾಳ ಅಕ್ಷರಗಳ ಸಾಲು ಒಂದೇ ಕ್ರಮದಲ್ಲಿವೆ, ನಡುವೆ 128 ಸ್ಥಾನಗಳ ಅಂತರ. ಅಷ್ಟು ಕಳೆದರೆ ಮಲಯಾಳ ಅಕ್ಷರ ಕನ್ನಡವಾಗುತ್ತದೆ, ಅರ್ಥ ಇದ್ದಲ್ಲೇ ಇರುತ್ತದೆ. ಮುಖ್ಯವಾಗಿ ಎರಡು ಕಡೆ ಈ ಲೆಕ್ಕ ಎಡವುತ್ತದೆ. ‘ಮಳೆ’ಗೆ ಅವರು ಬಳಸುವ ೞಕಾರಕ್ಕೆ ನೇರವಾದ ಕನ್ನಡ ಸ್ಥಾನ ಖಾಲಿ, ನಮ್ಮ ಹಳಗನ್ನಡದ ೞ ಬೇರೆ ಕಡೆ ಕೂತಿದೆ. ಮಲಯಾಳದ ಚಿಲ್ಲಕ್ಷರಗಳಿಗೂ (ಸ್ವರವಿಲ್ಲದ ವ್ಯಂಜನಕ್ಕಿರುವ ಬೇರೆಯೇ ಅಕ್ಷರಗಳಿಗೂ) ಜೋಡಿ ಇಲ್ಲ. ಹಾಗಾಗಿ ಪಠ್ಯದ ನಡುವೆ ಖಾಲಿ ಚೌಕ ಕಂಡರೆ ಅದು ಲಿಪಿ ಬದಲಿಸಿದ್ದು, ಭಾಷಾಂತರ ಆಗಿಲ್ಲ. ಇನ್ನೊಂದು ಗುರುತು ಪದದ ಕೊನೆಯ ಸೊನ್ನೆ: ಯೋಗಂ, ಅಂಗಂ, ಸ್ಥಾಪನಂ. ಸೊನ್ನೆ ಇದ್ದಷ್ಟು ಹೊತ್ತು ಪದ ಪರವೂರಿನದ್ದೆಂದು ತಿಳಿಯುತ್ತದೆ. ಕರಡು ‘ತಿದ್ದುವವರು’ ಸೊನ್ನೆ ತೆಗೆದು ವಿಭಕ್ತಿ ಹಚ್ಚಿದ ಕೂಡಲೇ ವೇಷ ಪೂರ್ತಿ. ಬದಿಯಡ್ಕದವರ ಕರಡು ಈ ಹಂತ ದಾಟಿ ಬಂದದ್ದು.

ಎರಡು, ಯಂತ್ರಾನುವಾದ. ಅಲ್ಲಿ ಪದ ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ, ಕೆಡುವುದು ಮರ್ಯಾದೆ. ಮಲಯಾಳದ ಕ್ರಿಯಾಪದಕ್ಕೆ ಲಿಂಗ, ವಚನ, ಪುರುಷ ಹತ್ತುವುದಿಲ್ಲ. ‘ವನ್ನು’ ಎಂದರೆ ಬಂದ, ಬಂದಳು, ಬಂದರು, ಬಂದೆ ಎಲ್ಲವೂ. ಕನ್ನಡದಲ್ಲಿ ಒಂದನ್ನು ಆರಿಸಲೇಬೇಕು, ಯಂತ್ರ ಹಲವು ಸಲ ಆರಿಸುವುದು ‘ಬಂದನು’ವನ್ನು. ‘ಟೀಚರ್ ಬಂದನು’, ‘ಮ್ಯಾನೇಜರ್ ಹೇಳಿದನು’ ಎಂದು ಗ್ರೂಪಿನಲ್ಲಿ ಬಿದ್ದರೆ ಹಾಕಿದವರ ಮೇಲೆ ಸಿಟ್ಟು ಬರುತ್ತದೆಯೇ ಹೊರತು ಯಂತ್ರದ ಮೇಲಲ್ಲ. ಕಳಿಸುವ ಮುಂಚೆ ಕ್ರಿಯಾಪದದ ಬಾಲಗಳನ್ನು ಮಾತ್ರ ಒಮ್ಮೆ ಮೇಲಿನಿಂದ ಕೆಳಗೆ ನೋಡಿದರೂ ಸಾಕು.

ಅದಕ್ಕಿಂತ ಸೂಕ್ಷ್ಮವಾದದ್ದು ‘ಬೇಕು’. ಮಲಯಾಳದ ‘ಎತ್ತಣಂ’, ‘ವರಣಂ’ ಎಂಬಲ್ಲಿನ ‘ಅಣಂ’ ವಿನಂತಿಗೂ ಸಲ್ಲುತ್ತದೆ, ಆಜ್ಞೆಗೂ ಸಲ್ಲುತ್ತದೆ, ಧ್ವನಿ ನೋಡಿ ತಿಳಿಯಬೇಕು. ಅದನ್ನು ‘ಎಲ್ಲರೂ 10 ಗಂಟೆಗೆ ತಲಪಬೇಕು’ ಎಂದು ಇಳಿಸಿದರೆ ಕನ್ನಡ ಬರಹದಲ್ಲಿ ಖಡಕ್ ಆಜ್ಞೆ. ವಿನಂತಿಯಾದರೆ ‘ದಯವಿಟ್ಟು ಬನ್ನಿ’, ನಿಯಮವಾದರೆ ಮಾತ್ರ ‘ಬೇಕು’. ತಿರುಗಿ ಹೋಗುವಾಗಲೂ ಎಚ್ಚರ ಬೇಕು. ನಮ್ಮ ‘ನೀವು’ ಎಲ್ಲಿಯೂ ಮರ್ಯಾದೆಯದೇ. ಮಲಯಾಳದ ‘ನಿಙ್ಙಳ್’ ಮಲಬಾರಿನ ಕಡೆ ಗೌರವಕ್ಕೆ ನಡೆಯುತ್ತದೆ, ತಿರುವನಂತಪುರದ ಕಡೆಯಿಂದ ಬಂದ ಅಧಿಕಾರಿಗೆ ಹಾಗೆಂದರೆ ಮುಖ ಗಂಟಾಗಬಹುದು. ‘ಸರ್’, ‘ಮೇಡಂ’, ‘ಟೀಚರ್’ ಎಂದು ಪದವಿಯಿಂದ ಕರೆದರೆ ಸರ್ವನಾಮದ ಗೋಜೇ ಇಲ್ಲ. ಅಣ್ಣ, ಅಕ್ಕ, ಚೇಚಿ, ಇಕ್ಕ ಎಲ್ಲ ಚಹಾದ ಹೊತ್ತಿಗೆ ಚಂದ. ಕಚೇರಿ ಗ್ರೂಪಿನಲ್ಲಿ ಹೆಸರಿನ ಮುಂದೆ ‘ಅವರು’ ಹಾಕುವುದೇ ಕ್ಷೇಮ.

ತಪ್ಪು ಹೋದರೆ: ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಸಂದೇಶವನ್ನು 15 ನಿಮಿಷದೊಳಗೆ ತಿದ್ದಬಹುದು. ಅಷ್ಟರಲ್ಲಿ ಯಾರಾದರೂ ಫಾರ್ವರ್ಡ್ ಮಾಡಿದ್ದರೆ ಆ ಪ್ರತಿ ಹಳೆಯ ಹಾಗೆಯೇ ಉಳಿಯುತ್ತದೆ. ಸಮಯ, ಸ್ಥಳ, ರಜೆಯಂಥ ವಿಷಯ ತಪ್ಪಿದ್ದರೆ ತಿದ್ದಿದರೆ ಸಾಲದು, ‘ತಿದ್ದುಪಡಿ’ ಎಂದೇ ಹೊಸ ಸಂದೇಶ ಹಾಕಿ.

ಉತ್ತರ (ಕುಂಬಳೆಯಿಂದ)

‘ವೈವಿಧ್ಯತೆ’ಯ ಬಗ್ಗೆ ಯಾರೂ ಮುಟ್ಟಲಿಲ್ಲ. ವಿವಿಧದ ಭಾವ ವೈವಿಧ್ಯ, ಅದಕ್ಕೆ ಮತ್ತೆ ‘ತೆ’ ಹಚ್ಚುವುದು ಕೊಡೆಯ ಮೇಲೆ ಕೊಡೆ ಹಿಡಿದಂತೆ. ಪ್ರಾಮುಖ್ಯತೆ, ವೈಶಿಷ್ಟ್ಯತೆಗಳೂ ಇದೇ ಬಳಗ. ‘ವಿವಿಧತೆ’ ಅಥವಾ ‘ವೈವಿಧ್ಯ’ ಸರಿ.

ಆದರೆ ವ್ಯಾಕರಣ ಸರಿಯಾದ ಮೇಲೂ ‘ಸಾಂಸ್ಕೃತಿಕ ವೈವಿಧ್ಯ’ ಇಲ್ಲಿ ಕೆಲಸ ಮಾಡುವುದಿಲ್ಲ. ನಮ್ಮ ಕಡೆಯ ಶಾಲಾ ವಾರ್ಷಿಕೋತ್ಸವದ, ಜಾತ್ರೆಯ ಆಮಂತ್ರಣ ತೆಗೆದು ನೋಡಿ: ‘ರಾತ್ರಿ 7ರಿಂದ ಸಾಂಸ್ಕೃತಿಕ ವೈವಿಧ್ಯ’. ಅಂದರೆ ನೃತ್ಯ, ಹಾಡು, ಪ್ರಹಸನ. ‘ಶುಕ್ರವಾರ ಸಾಂಸ್ಕೃತಿಕ ವೈವಿಧ್ಯದ ಕುರಿತು ಕಾರ್ಯಕ್ರಮ’ ಎಂದು ಗ್ರೂಪಿನಲ್ಲಿ ಹಾಕಿದರೆ ಮೊದಲು ಬರುವ ಪ್ರಶ್ನೆ, ಯಾವ ತಂಡದ್ದು ಎಂದು. ‘ಬಹುತ್ವ’ ಭಾಷಣಕ್ಕೆ ಒಳ್ಳೆಯ ಪದ, ಸೂಚನೆಗೆ ತುಸು ಎತ್ತರದ್ದು. ನಾಮಪದವನ್ನೇ ಬಿಟ್ಟು, ಏನು ಮಾಡಬೇಕೆಂಬುದನ್ನು ಬರೆಯುವುದು ಮೇಲು: ‘ಸಹೋದ್ಯೋಗಿಗಳ ಭಾಷೆ, ಮತ, ಊಟ, ಉಡುಪುಗಳನ್ನು ಗೇಲಿ ಮಾಡುವ ಚಿತ್ರ, ವಿಡಿಯೊ, ಸ್ಟಿಕ್ಕರ್ ಹಾಕಬೇಡಿ.’ ಸ್ಟಿಕ್ಕರ್ ಎಂದು ಹೇಳಲೇಬೇಕು, ಮಾತಿನಲ್ಲಿ ಹೇಳಲು ಅಂಜುವುದನ್ನು ಜನ ಸ್ಟಿಕ್ಕರಿನಲ್ಲಿ ಹಾಕುತ್ತಾರೆ.

ಶುಭಾಶಯದ ವಿಷಯದಲ್ಲೂ ಒಂದು ಸಣ್ಣ ಮಾತು. ‘ಹೊಸ ವರ್ಷದ ಶುಭಾಶಯ’ ಎಂದರೆ ಇಲ್ಲಿ ಯಾವುದು? ಚಾಂದ್ರಮಾನದವರಿಗೆ ಯುಗಾದಿ, ತುಳುವರಿಗೆ ಏಪ್ರಿಲ್ ನಡುವಿನ ಬಿಸು, ಮಲಯಾಳಿಗಳಿಗೆ ಅದೇ ಹೊತ್ತಿನ ವಿಷು. ಮಲಯಾಳ ಪಂಚಾಂಗದ ಕೊಲ್ಲವರ್ಷ ತೊಡಗುವುದು ಆಗಸ್ಟ್ ನಡುವಿನ ಚಿಂಗಂ 1ಕ್ಕೆ. ಹಬ್ಬದ ಹೆಸರನ್ನೇ ಹಾಕಿದರೆ ಯಾರದು ಬಿಟ್ಟುಹೋಯಿತು ಎಂಬ ಲೆಕ್ಕ ಏಳುವುದಿಲ್ಲ.

ಇನ್ನೊಂದು: ಮಲಯಾಳ ಮೂಲದಲ್ಲಿ ‘ಪರಾತಿ’ ಇದ್ದರೆ ‘ದೂರು’ ಎಂದೇ ಮಾಡಿ, ‘ಆಕ್ಷೇಪ’ ಎನ್ನಬೇಡಿ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ 10 ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಲೇಬೇಕು, ದೂರನ್ನು ಲಿಖಿತವಾಗಿ 3 ತಿಂಗಳೊಳಗೆ ಕೊಡಬೇಕು, ಅದರ ಒಕ್ಕಣೆಯನ್ನಾಗಲಿ ಕೊಟ್ಟವರ ಗುರುತನ್ನಾಗಲಿ ಬಹಿರಂಗಪಡಿಸುವಂತಿಲ್ಲ. ಅಂಥ ದೂರನ್ನು ಗ್ರೂಪಿನಲ್ಲಿ ಚರ್ಚಿಸಿದರೆ ಅದು ಬರಿಯ ಸಭ್ಯತೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ಆ ವಾಕ್ಯದಲ್ಲಿ ಪದ ಜಾರಬಾರದು.

ಬದಿಯಡ್ಕದಿಂದ

ಎಲ್ಲರಿಗೂ ಉಪಕಾರ. ಮಲಯಾಳ ಗೊತ್ತಿಲ್ಲದ, ಕನ್ನಡ ಮಾತ್ರ ಓದುವ ಒಬ್ಬರಿಗೆ ತಿದ್ದಿದ್ದನ್ನು ಓದಲು ಕೊಟ್ಟು, ಪ್ರತಿ ವಾಕ್ಯದ ನಂತರ ‘ಈಗ ನೀವು ಏನು ಮಾಡುವಿರಿ?’ ಎಂದು ಕೇಳಿ ನೋಡಲಾಯಿತು. ‘ಅರ್ಥವಾಯಿತೇ’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಮೂಲ ನೋಡಿದಾಗ ‘ಲಿಖಿತ’ ಇತ್ತು, ಕರಡಿನಲ್ಲಿ ಬಿದ್ದುಹೋಗಿತ್ತು. ಈಗಿನ ರೂಪ:

‘ಸಾಮಾಜಿಕ ಮಾಧ್ಯಮದಲ್ಲಿ (ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಮೊದಲಾದವು; ವಾಟ್ಸ್‌ಆ್ಯಪ್, ಟೆಲಿಗ್ರಾಂ ಗ್ರೂಪು ಮತ್ತು ಸ್ಟೇಟಸ್ ಸಹ) ಸಂಸ್ಥೆಯ ಬಗ್ಗೆ ಬರೆಯುವ ಮೊದಲು ಮೇಲಧಿಕಾರಿಯ ಲಿಖಿತ ಅನುಮತಿ ಪಡೆಯಬೇಕು. ರಜೆ ಅರ್ಜಿಗಳನ್ನು ಗ್ರೂಪಿನಲ್ಲಿ ಹಾಕಬಾರದು. ಸಹೋದ್ಯೋಗಿಗಳ ಭಾಷೆ, ಮತ, ಊಟ, ಉಡುಪುಗಳನ್ನು ಗೇಲಿ ಮಾಡುವ ಬರಹ, ಚಿತ್ರ, ವಿಡಿಯೊ, ಸ್ಟಿಕ್ಕರ್ ಹಾಕಬಾರದು. ಎಲ್ಲ ಸದಸ್ಯರಿಗೂ ಸಮಾನ ಅವಕಾಶವಿದೆ.’

‘ಗ್ರೂಪ್ ಅಡ್ಮಿನ್’ಗೆ ಕರಡಿನಲ್ಲಿ ‘ನಿರ್ವಾಹಕ’ ಎಂದಿತ್ತು. ಘಟ್ಟದ ಮೇಲಿನವರಿಗೆ ನಿರ್ವಾಹಕನೆಂದರೆ ಬಸ್ ಕಂಡಕ್ಟರ್. ಅದನ್ನು ‘ಅಡ್ಮಿನ್’ ಎಂದೇ ಬಿಟ್ಟಿದೆ, ಯಾರಿಗಾದರೂ ಆಕ್ಷೇಪವಿದ್ದರೆ ತಿಳಿಸಿ.