ಫ್ರೀಜರಲ್ಲಿ ಐಸ್ ಆಗ್ತಿದೆ, ಕೆಳಗಡೆ ಮಾತ್ರ ಕೂಲಿಂಗ್ ಇಲ್ಲ, ಗ್ಯಾಸ್ ಹೋಗಿರಬಹುದಾ?

ನೀಲಿಡಬ್ಬ:
ನಮ್ದು ಡಬಲ್ ಡೋರ್ ಫ್ರಾಸ್ಟ್ ಫ್ರೀ ಫ್ರಿಜ್, ಫ್ರೀಜರ್ ಮೇಲ್ಗಡೆ ಇರೋದು. ಈಚೆಗೆ ಕೆಳಗಿಟ್ಟ ಹಾಲು ಬೇಗ ಒಡೆದೋಗ್ತಿದೆ, ಸೊಪ್ಪು ಬಾಡ್ತಿದೆ, ನೀರಿನ ಬಾಟ್ಲು ಮುಟ್ಟಿದ್ರೆ ತಣ್ಣಗೇ ಇರಲ್ಲ. ಆದ್ರೆ ಮೇಲೆ ಐಸ್ ಆರಾಮಾಗಿ ಕಟ್ತಿದೆ. ಲೈಟ್ ಬರತ್ತೆ, ಕಂಪ್ರೆಸರ್ ಗುಂಯ್ ಅಂತ ಓಡ್ತಾನೇ ಇರತ್ತೆ, ನಿಲ್ಲೋದೇ ಕಮ್ಮಿ. ನಾಬ್ ಫುಲ್ ತಿರುಗಿಸಿದ್ರೂ ಅಷ್ಟೇ. ರಿಪೇರಿಯವರು ಬಂದು ಬಾಗ್ಲು ತೆಗೆದು ಕೈ ಆಡ್ಸಿ ನೋಡಿ ಗ್ಯಾಸ್ ಲೀಕು ತುಂಬಿಸ್ಬೇಕು ಅಂದ್ರು, ಒಂದು ಸ್ಕ್ರೂನೂ ಬಿಚ್ಚಲಿಲ್ಲ. ನಂಗ್ಯಾಕೋ ಡೌಟು. ಗೊತ್ತಿರೋರು ಹೇಳಿ ಪ್ಲೀಸ್.

ಸುಮ್ನೆಓದೋನು:
ಕೂಲಿಂಗ್ ಇಲ್ಲ ಅಂದ್ರೆ ಗ್ಯಾಸೇ ಇರತ್ತೆ ಬಿಡಿ, ಹಾಕಿಸ್ಬಿಡಿ ಸರಿಹೋಗತ್ತೆ.

ಹಳೇಸ್ಕ್ರೂಡ್ರೈವರ್:
ಸ್ವಲ್ಪ ತಡೀರಿ, ಹಾಗೆ ಹಾಕಿಸ್ಬೇಡಿ. ಗ್ಯಾಸ್ ಅನ್ನೋದು ಪೆಟ್ರೋಲ್ ಥರ ಖರ್ಚಾಗೋ ವಸ್ತು ಅಲ್ಲ, ಪೈಪ್ ಒಳಗೇ ಸುತ್ತುತ್ತಾ ಇರತ್ತೆ, ಕಮ್ಮಿಯಾಗಿದೆ ಅಂದ್ರೆ ಎಲ್ಲೋ ತೂತಿದೆ ಅಂತ ಅರ್ಥ, ತೂತು ಹುಡುಕಿ ಮುಚ್ಚದೆ ತುಂಬ್ಸಿದ್ರೆ ಮತ್ತೆ ಹೋಗತ್ತೆ. ಮತ್ತೆ ಗ್ಯಾಸ್ ಕಮ್ಮಿಯಾದ್ರೆ ಸಾಮಾನ್ಯವಾಗಿ ಫ್ರೀಜರೂ ಸೊರಗತ್ತೆ. ನಿಮ್ದು ಮೇಲೆ ಚೆನ್ನಾಗಿದೆ ಕೆಳಗೆ ಇಲ್ಲ ಅಂತಿದೀರಲ್ಲ, ಅಲ್ಲೇ ಸುಳಿವು ಇರೋದು.

ಈ ಥರ ಫ್ರಿಜ್ಜಲ್ಲಿ ಸಾಮಾನ್ಯವಾಗಿ ಕೂಲಿಂಗ್ ಕಾಯಿಲ್ ಒಂದೇ, ಅದು ಫ್ರೀಜರಿನ ಹಿಂದಿನ ಪ್ಯಾನಲ್ ಒಳಗೆ ಇರತ್ತೆ. ಅಲ್ಲಿಂದ ಒಂದು ಸಣ್ಣ ಫ್ಯಾನ್ ತಣ್ಣನೆ ಗಾಳೀನ ಕೆಳಗೆ ತಳ್ಳತ್ತೆ. ಅಂದ್ರೆ ನಿಮ್ಮಲ್ಲಿ ತಂಪು ಹುಟ್ತಿದೆ, ಕೆಳಗೆ ಇಳೀತಿಲ್ಲ. ಒಂದೋ ಫ್ಯಾನ್ ನಿಂತಿದೆ, ಇಲ್ಲಾ ಕಾಯಿಲ್ ಮೇಲೆ ಐಸ್ ದಪ್ಪಗೆ ಕೂತು ಗಾಳಿ ದಾರೀನೇ ಮುಚ್ಚಿದೆ. ಫ್ರೀಜರ್ ಬಾಗ್ಲು ತೆಗ್ದು ಡೋರ್ ಸ್ವಿಚ್ಚನ್ನ ಬೆರಳಲ್ಲಿ ಒತ್ತಿ ಹಿಡ್ಕೊಳ್ಳಿ, ಬಹಳಷ್ಟು ಮಾಡೆಲ್ಲಲ್ಲಿ ಆಗ ಫ್ಯಾನ್ ಸದ್ದು ಕೇಳ್ಸತ್ತೆ. ಕೇಳಿಸ್ತಾ ಇದ್ದು ಗಾಳಿ ಬರ್ತಿಲ್ಲ ಅಂದ್ರೆ ಬಹುತೇಕ ಐಸೇ. ಆಗ ಪ್ಲಗ್ ಕಿತ್ತು, ಸಾಮಾನೆಲ್ಲ ಖಾಲಿ ಮಾಡಿ, ಎರಡೂ ಬಾಗ್ಲು ತೆಗ್ದು 24 ಗಂಟೆ ಬಿಡಿ, ಕೆಳಗೆ ಬಟ್ಟೆ ಹಾಸಿ ನೀರು ಬರತ್ತೆ. ದಯವಿಟ್ಟು ಚಾಕು ಹಾಕಿ ಐಸ್ ಕೆರೀಬೇಡಿ, ಅಲ್ಯುಮಿನಿಯಂ ಪೈಪ್ ತೂತಾದ್ರೆ ಆಗ ನಿಜವಾಗ್ಲೂ ಗ್ಯಾಸ್ ಹೋಗತ್ತೆ.

ಹಿತ್ತಲಗಿಡ:
ಜೊತೆಗೆ ಬಾಗಿಲಿನ ರಬ್ಬರ್ ಗ್ಯಾಸ್ಕೆಟ್ಟೂ ನೋಡಿ. ಒಂದು ಹಾಳೆ ಇಟ್ಟು ಬಾಗ್ಲು ಹಾಕಿ ಎಳೀರಿ, ಸಲೀಸಾಗಿ ಬಂತು ಅಂದ್ರೆ ಅಲ್ಲಿ ರಬ್ಬರ್ ಕೂರ್ತಿಲ್ಲ, ಹೊರಗಿನ ತೇವದ ಗಾಳಿ ಒಳಗೆ ನುಗ್ಗಿ ಐಸ್ ಆಗೋದು ಅದ್ರಿಂದ್ಲೂ ಇರತ್ತೆ. ಇನ್ನೊಂದು, ಕೆಳಗಡೆ 4 ಡಿಗ್ರಿಗಿಂತ ಜಾಸ್ತಿ ಇರೋವರ್ಗೂ ಮಾಂಸ ಹಾಲು ಅಲ್ಲಿಡ್ಬೇಡಿ. ವಾಸನೆ ನೋಡಿ ಚೆನ್ನಾಗಿದೆ ಅಂತ ತಿನ್ನೋದು ಬೇಡ.

ನೀಲಿಡಬ್ಬ:
ಹಾಳೆ ಎಲ್ಲಾ ಕಡೆ ಬಿಗಿಯಾಗೇ ಇತ್ತು. ಫ್ಯಾನ್ ಸದ್ದಿತ್ತು ಗಾಳಿ ಇರ್ಲಿಲ್ಲ. ಆಫ್ ಮಾಡಿ ಬಿಟ್ಟೆ, ಅಬ್ಬಾ ಎಷ್ಟು ನೀರು! ಆನ್ ಮಾಡಿದ್ಮೇಲೆ ಕೆಳಗೂ ಸೂಪರ್ ಕೂಲಿಂಗ್. ಖುಷಿಯಾಗಿದ್ದೆ, ಈಗ ಮತ್ತೆ ನಿಧಾನಕ್ಕೆ ಬೆಚ್ಚಗಾಗ್ತಿದೆ 😩

ಹಳೇಸ್ಕ್ರೂಡ್ರೈವರ್:
ಹಾಗಾದ್ರೆ ಗ್ಯಾಸ್ ಮೇಲಿನ ಅನುಮಾನ ಬಿಡಿ, ಗ್ಯಾಸ್ ಇಲ್ದೆ ಅಷ್ಟು ಚೆನ್ನಾಗಿ ಕೂಲ್ ಆಗ್ತಿರ್ಲಿಲ್ಲ. ಡಿಫ್ರಾಸ್ಟ್ ಕೆಲಸ ಮಾಡ್ತಿಲ್ಲ. ಆಗಾಗ ಕಂಪ್ರೆಸರ್ ನಿಲ್ಸಿ ಕಾಯಿಲ್ ಕೆಳಗಿರೋ ಹೀಟರ್ ಆನ್ ಆಗಿ ಐಸ್ ಕರಗಿಸ್ಬೇಕು, ಅದು ಆಗ್ತಿಲ್ಲ. ಹೀಟರ್, ಥರ್ಮಲ್ ಫ್ಯೂಸ್ (ಜಾಸ್ತಿ ಕಾದ್ರೆ ಕರೆಂಟ್ ಕಡಿಯೋದು), ಬೈಮೆಟಲ್ ಥರ್ಮೋಸ್ಟ್ಯಾಟ್ (ಚಳಿ ಬಿಸಿಗೆ ತಾನೇ ಆನ್ ಆಫ್ ಆಗೋ ಸ್ವಿಚ್ಚು), ಟೈಮರ್ ಇವುಗಳಲ್ಲಿ ಒಂದು ಹೋಗಿರತ್ತೆ, ಹೊಸ ಮಾಡೆಲ್ ಆದ್ರೆ ಸೆನ್ಸರ್ ಅಥವಾ ಬೋರ್ಡ್. ಕರೆಂಟ್ ಕಿತ್ತು ಮಲ್ಟಿಮೀಟರಲ್ಲಿ ಒಂದೊಂದೇ ಚೆಕ್ ಮಾಡಿಸಿ. ಇಲ್ಲೊಂದು ಎಡವಟ್ಟಿದೆ ನೋಡಿ, ಬೈಮೆಟಲ್ ಚಳೀಲಿದ್ದಾಗ ಮಾತ್ರ ಕನೆಕ್ಟ್ ಆಗೋದು, ರೂಮ್ ಟೆಂಪರೇಚರಲ್ಲಿ ಮೀಟರ್ ಹಚ್ಚಿದ್ರೆ ಓಪನ್, ಅಂದ್ರೆ ಕನೆಕ್ಷನ್ ಇಲ್ಲ ಅಂತ ತೋರ್ಸತ್ತೆ, ಹೋಗಿದೆ ಅಂತ ಚೆನ್ನಾಗಿರೋದನ್ನೇ ಬದಲಾಯಿಸ್ಬಿಡ್ತಾರೆ. ಐಸಲ್ಲಿ ಚೆನ್ನಾಗಿ ತಣ್ಣಗೆ ಮಾಡಿ ಆಮೇಲೆ ನೋಡ್ಬೇಕು. ಫ್ಯೂಸ್ ಹೋಗಿದ್ರೆ ತಂತಿ ಸೇರ್ಸಿ ಬೈಪಾಸ್ ಮಾಡೋಕೆ ಮಾತ್ರ ಬಿಡ್ಬೇಡಿ, ಹೀಟರ್ ಆಫ್ ಆಗ್ದೆ ಕಾದ್ರೆ ಬೆಂಕಿ ಹತ್ತೋ ಚಾನ್ಸ್ ಇದೆ, ಅದ್ರಲ್ಲೂ ಸ್ಟಿಕ್ಕರಲ್ಲಿ ಆರ್ 600ಎ ಅಂತಿದ್ರೆ ಆ ಗ್ಯಾಸೂ ಉರಿಯೋ ಜಾತಿ.

ಸುಮ್ನೆಓದೋನು:
ಓ ಹಿಂಗಾ. ನಮ್ದು ಸಿಂಗಲ್ ಡೋರ್, ಅದ್ರಲ್ಲೂ ಈ ಹೀಟರ್ ಇರತ್ತಾ?

ಹಳೇಸ್ಕ್ರೂಡ್ರೈವರ್:
ಡೈರೆಕ್ಟ್ ಕೂಲ್ ಆದ್ರೆ ಸಾಮಾನ್ಯವಾಗಿ ಇರಲ್ಲ, ಫ್ಯಾನೂ ಇರಲ್ಲ. ಐಸ್ ದಪ್ಪಗಾದಾಗ ನೀವೇ ಡಿಫ್ರಾಸ್ಟ್ ಬಟನ್ ಒತ್ಬೇಕು.