ವರದಿಯಲ್ಲಿ 46 ಕ್ರೋಮೋಸೋಮ್ ಇದೆ, ಆದರೂ ಡೌನ್ ಸಿಂಡ್ರೋಮ್ ಅಂತಾರೆ. ಹೇಗೆ?

ದಾವಣಗೆರೆ_ಅಮ್ಮ
ಎಲ್ಲರಿಗೂ ನಮಸ್ಕಾರ. ಮಗಳಿಗೆ ಈಗ ಐದು ತಿಂಗಳು. ಮಕ್ಕಳ ಡಾಕ್ಟರಿಗೆ ಅನುಮಾನ ಬಂದು ಕ್ಯಾರಿಯೋಟೈಪ್ (ರಕ್ತದಲ್ಲಿ ಕ್ರೋಮೋಸೋಮ್ ಎಣಿಸಿ ನೋಡುವ) ಟೆಸ್ಟ್ ಮಾಡಿಸಿದ್ದರು. ವರದಿಯಲ್ಲಿ '46,ಎಕ್ಸ್‌ಎಕ್ಸ್,ರಾಬ್(14;21),+21' ಎಂದಿದೆ. ಕೆಳಗೆ 'ಟ್ರಾನ್ಸ್‌ಲೊಕೇಶನ್ ಡೌನ್ ಸಿಂಡ್ರೋಮ್' ಎಂದು ಬರೆದಿದ್ದಾರೆ. ಡೌನ್ ಸಿಂಡ್ರೋಮ್ ಅಂದರೆ 47 ಇರಬೇಕು ಅಲ್ವಾ? ವರದಿಯೇ ತಪ್ಪಿರಬಹುದಾ?

ನನಗೂ ಯಜಮಾನರಿಗೂ ಟೆಸ್ಟ್ ಮಾಡಿಸಲು ಹೇಳಿದ್ದಾರೆ. ಅತ್ತೆ ಮಾತ್ರ 'ನಮ್ಮ ಕಡೆ ಯಾರಿಗೂ ಇಂಥದ್ದಿಲ್ಲ' ಅಂತ ದಿನವೂ ಹೇಳುತ್ತಾರೆ. ಯಜಮಾನರು ಹಿಂದೇಟು ಹಾಕುತ್ತಿದ್ದಾರೆ. ನಾದಿನಿ ಈಗ ಮೂರು ತಿಂಗಳ ಗರ್ಭಿಣಿ. ಅವಳಿಗೆ ಹೇಳಬೇಕಾ?

ಲ್ಯಾಬ್_ಅಕ್ಕ
ವರದಿ ತಪ್ಪಿಲ್ಲ ತಂಗಿ. ನಾನು ಬಹಳ ವರ್ಷ ಇದೇ ಕ್ರೋಮೋಸೋಮ್ ನೋಡುವ ಲ್ಯಾಬಿನಲ್ಲಿ ಕೆಲಸ ಮಾಡಿದವಳು. ಡೌನ್ ಸಿಂಡ್ರೋಮ್ ಇರುವ ನೂರರಲ್ಲಿ ಸುಮಾರು 95 ಮಕ್ಕಳಿಗೆ 21ನೇ ಕ್ರೋಮೋಸೋಮ್ ಮೂರು ಬಿಡಿಬಿಡಿಯಾಗಿ ಇರುತ್ತವೆ. ಲೆಕ್ಕ 47 ಬರುತ್ತದೆ. ನಿಮ್ಮ ಮಗಳಲ್ಲಿ ಮೂರನೆಯದು ಬಿಡಿಯಾಗಿಲ್ಲ, 14ನೇ ಕ್ರೋಮೋಸೋಮಿಗೆ ಅಂಟಿಕೊಂಡಿದೆ. ವರದಿಯಲ್ಲಿ 'ರಾಬ್(14;21)', 'ಟ್ರಾನ್ಸ್‌ಲೊಕೇಶನ್' ಅಂದಿರುವುದು ಇದಕ್ಕೇ. ಹಾಗಾಗಿ ಎಣಿಸಿದರೆ 46. ಆದರೆ 21ರ ಜೀನ್‌ಗಳು ಮೂರು ಪಾಲು ಇವೆ. ವರದಿಯಲ್ಲಿರುವ '+21' ಅದನ್ನೇ ಹೇಳುತ್ತದೆ.

ಇದನ್ನು ಹೇಗೆ ಕಂಡುಹಿಡಿಯುತ್ತೇವೆ ಅಂದರೆ, ರಕ್ತದ ಬಿಳಿ ಕಣಗಳನ್ನು 37 ಡಿಗ್ರಿಯಲ್ಲಿ ಮೂರು ದಿನ ಬೆಳೆಸುತ್ತೇವೆ. ಅವು ಒಡೆದು ಎರಡಾಗಲಿ ಅಂತ ಹಾಕುವ ವಸ್ತು ನಾವು ತಿನ್ನುವ ರಾಜ್ಮಾ ಜಾತಿಯ ಕಾಳಿನಿಂದಲೇ ಬರುತ್ತದೆ! ಕ್ರೋಮೋಸೋಮ್ ದಪ್ಪಗೆ ಕಾಣುವ ಹೊತ್ತಿಗೆ ಔಷಧಿ ಹಾಕಿ ನಿಲ್ಲಿಸುತ್ತೇವೆ. ಆಮೇಲೆ ಸ್ಲೈಡ್ ಮೇಲೆ ಹನಿ ಹಾಕಿ ಗೀಮ್ಸಾ ಬಣ್ಣ ಕೊಟ್ಟರೆ ಕಪ್ಪು-ಬಿಳಿ ಪಟ್ಟೆಗಳು ಮೂಡುತ್ತವೆ. ಸಾಮಾನ್ಯವಾಗಿ 20 ಕಣಗಳನ್ನು ನೋಡುತ್ತೇವೆ. 14ರ ಪಟ್ಟೆಗಳ ತುದಿಯಲ್ಲಿ 21ರ ಪಟ್ಟೆ ಕಂಡರೆ ಅನುಮಾನಕ್ಕೆ ಜಾಗವೇ ಇಲ್ಲ.

ನಿಮ್ಮ ಪ್ರಶ್ನೆ ದೊಡ್ಡ ವಿಜ್ಞಾನಿಗಳಿಗೂ ಎದುರಾದದ್ದೇ. ಮನುಷ್ಯನಿಗೆ 46 ಕ್ರೋಮೋಸೋಮ್ ಅಂತ ಖಚಿತವಾಗಿದ್ದು 1956ರಲ್ಲಿ, ಜೋ ಹಿನ್ ಟಿಜಿಯೊ ಮತ್ತು ಆಲ್ಬರ್ಟ್ ಲೆವಾನ್ ಅವರಿಂದ. ಅದಕ್ಕೂ ಮೊದಲು 48 ಅಂತ ನಂಬಿದ್ದರು. 1959ರಲ್ಲಿ ಪ್ಯಾರಿಸ್‌ನಲ್ಲಿ ಡೌನ್ ಸಿಂಡ್ರೋಮಿಗೆ 47 ಇರುವುದು ಗೊತ್ತಾಯಿತು. ಆ ಲ್ಯಾಬಿನಲ್ಲಿ ಜೀವಕಣ ಬೆಳೆಸುವ ಕೆಲಸ ಮಾಡಿದವರು ಮಾರ್ಥ್ ಗೋತಿಯೆ. ಹೆಸರು ಜಾಸ್ತಿ ಬಂದಿದ್ದು ಜೆರೋಮ್ ಲೆಜ್ಯೂನ್ ಅವರಿಗೆ. ನನ್ನಂಥ ಲ್ಯಾಬಿನವರಿಗೆ ಇದು ಈಗಲೂ ಬೇಜಾರಿನ ವಿಷಯ. ಮರುವರ್ಷವೇ ಲಂಡನ್ನಿನಲ್ಲಿ ಪೊಲಾನಿ ಅವರ ತಂಡ 46 ಇದ್ದೂ ಡೌನ್ ಸಿಂಡ್ರೋಮ್ ಇರುವ ಹುಡುಗಿಯ ಬಗ್ಗೆ ಬರೆಯಿತು.

ಈಗ ಟೆಸ್ಟ್ ವಿಷಯ. ನಿಮ್ಮಿಬ್ಬರಲ್ಲಿ ಒಬ್ಬರಿಗೆ 14 ಮತ್ತು 21 ಅಂಟಿಕೊಂಡು ಒಟ್ಟು 45 ಇರಬಹುದು. ಅಂಥವರಿಗೆ ಬೇಕಾದ ಜೀನ್ ಯಾವುದೂ ಕಡಿಮೆಯಾಗಿರುವುದಿಲ್ಲ. ಪೂರ್ತಿ ಆರೋಗ್ಯವಾಗಿರುತ್ತಾರೆ, ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ 'ನಮ್ಮ ಕಡೆ ಯಾರಿಗೂ ಇಲ್ಲ' ಅನ್ನುವ ಮಾತಿನಿಂದ ಏನೂ ತಿಳಿಯುವುದಿಲ್ಲ. ಅತ್ತೆಗೂ ಇದನ್ನು ಸಮಾಧಾನವಾಗಿ ಹೇಳಿ. ತಾಯಿಗೆ ಹೀಗಿದ್ದರೆ ಮುಂದಿನ ಮಗುವಿಗೆ ಡೌನ್ ಸಿಂಡ್ರೋಮ್ ಬರುವ ಸಾಧ್ಯತೆ ನೂರಕ್ಕೆ 10ರಿಂದ 15. ತಂದೆಗಿದ್ದರೆ ಒಂದೆರಡು. ಇಬ್ಬರದೂ ಸಾಮಾನ್ಯ 46 ಆಗಿದ್ದರೆ ಇದು ಮಗುವಿನಲ್ಲೇ ಹೊಸದಾಗಿ ಆಗಿದ್ದು, ಮುಂದಿನ ಸಲ ಸಾಧ್ಯತೆ ತೀರಾ ಕಡಿಮೆ.

ಸುಮಾ_ತುಮಕೂರು
ಅಕ್ಕ, ನಮ್ಮದು ಸೋದರಮಾವನ ಜೊತೆ ಮದುವೆ. ಅದರಿಂದಲೂ ಹೀಗಾಗುತ್ತದಾ?

ಲ್ಯಾಬ್_ಅಕ್ಕ
ಇದು ಹಾಗೆ ಬರುವಂಥದ್ದಲ್ಲ ಸುಮಾ. ಸಂಬಂಧದೊಳಗಿನ ಮದುವೆಯಲ್ಲಿ ಭಯ ಇರುವುದು ಥಲಸ್ಸೀಮಿಯಾದಂಥ ಕಾಯಿಲೆಗಳಿಗೆ. ಅಲ್ಲಿ ಅಪ್ಪ ಅಮ್ಮ ಇಬ್ಬರಿಂದಲೂ ಅದೇ ಜೀನಿನ ದೋಷ ಬರಬೇಕು. ಮಗು ಬೇಕು ಅನ್ನುವ ಮೊದಲೇ ನೀವಿಬ್ಬರೂ ಡಾಕ್ಟರ ಹತ್ತಿರ ಮಾತಾಡಿ.

ಅಪ್ಪ_ಹುಬ್ಬಳ್ಳಿ
ನಮ್ಮ ಮಗನಿಗೂ ಡೌನ್ ಸಿಂಡ್ರೋಮ್ ಇದೆ, ಮೂರನೇ ಕ್ಲಾಸು ಓದುತ್ತಿದ್ದಾನೆ. 46 ಇರಲಿ 47 ಇರಲಿ, ಆರೈಕೆ ಒಂದೇ. ಹೃದಯದ ಎಕೋ ಮಾಡಿಸಿದ್ದೀರಾ? ಈ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಹೃದಯದ ತೊಂದರೆ ಇರುತ್ತದೆ, ಹೊರಗೆ ಕಾಣದೇ ಇರಬಹುದು. ಥೈರಾಯ್ಡ್, ಕಿವಿ, ಕಣ್ಣು ಸಹ ನೋಡಿಸಿ. ಫಿಸಿಯೋಥೆರಪಿ ಈಗಲೇ ಶುರು ಮಾಡಿ ತಾಯಿ. ನಮ್ಮವನ ಕುತ್ತಿಗೆ ನಿಂತಿದ್ದೇ ಅದರಿಂದ.

ದಾವಣಗೆರೆ_ಅಮ್ಮ
ಎಕೋ ಆಗಿದೆ ಅಣ್ಣ, ಸಣ್ಣ ತೂತು ಇದೆ, ಕಾದು ನೋಡೋಣ ಅಂದಿದ್ದಾರೆ. ಥೈರಾಯ್ಡ್ ನಾಳೆಯೇ ಕೇಳುತ್ತೇನೆ. ಅಕ್ಕ ಬರೆದಿದ್ದನ್ನು ಯಜಮಾನರಿಗೆ ಓದಿ ಹೇಳಿದೆ. ಸೋಮವಾರ ಇಬ್ಬರೂ ರಕ್ತ ಕೊಡುತ್ತೇವೆ. ನಾದಿನಿಗೆ ನಮ್ಮ ವರದಿ ಬಂದ ಮೇಲೆ ಹೇಳಿದರೆ ಸಾಕಾ?

ಲ್ಯಾಬ್_ಅಕ್ಕ
ಕಾಯಬೇಡಿ, ಈಗಲೇ ಹೇಳಿ. ವರದಿಗೆ ಎರಡು ಮೂರು ವಾರ ಹಿಡಿಯಬಹುದು, ಅವಳಿಗೆ ದಿನ ಮುಂದೆ ಹೋಗುತ್ತದೆ. ಮಗಳ ವರದಿಯ ಜೆರಾಕ್ಸ್ ಕೊಟ್ಟು ಅವಳ ಡಾಕ್ಟರಿಗೆ ತೋರಿಸಲು ಹೇಳಿ. ಅವಳೂ ರಕ್ತ ಕೊಡಬಹುದು. 46 ಬಂದರೆ ಈ ವಿಷಯದಲ್ಲಿ ಚಿಂತೆ ಇಲ್ಲ. ಅಣ್ಣನಂತೆ ಅವಳಿಗೂ 45 ಬಂದರೆ, 15 ವಾರ ಕಳೆದ ಮೇಲೆ ಗರ್ಭದ ನೀರು ತೆಗೆದು ಮಗುವಿನ ಕ್ರೋಮೋಸೋಮ್ ನೋಡಬಹುದು. ಮಾಡಿಸುವುದು ಬಿಡುವುದು ಅವಳ ಇಷ್ಟ. ನಿಮಗೇ 45 ಬಂದರೆ ನಾದಿನಿಗೆ ಇದರ ಸಂಬಂಧವಿಲ್ಲ, ಆಗ ನಿಮ್ಮ ಅಕ್ಕತಂಗಿ, ಅಣ್ಣತಮ್ಮಂದಿರಿಗೆ ಹೇಳಬೇಕು. ವರದಿ ಕೈಗೆ ಬಂದ ಮೇಲೆ ಜೆನೆಟಿಕ್ ಕೌನ್ಸೆಲಿಂಗಿಗೆ ಇಬ್ಬರೂ ಒಟ್ಟಿಗೆ ಹೋಗಿ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಇದನ್ನು ಕೂರಿಸಿಕೊಂಡು ವಿವರವಾಗಿ ಹೇಳುತ್ತಾರೆ. ಸಾಧ್ಯವಾದರೆ ಅತ್ತೆಯನ್ನೂ ಕರೆದುಕೊಂಡು ಹೋಗಿ.